ಮಕ್ಕಳ ಮೈಮೇಲೆ ಗುಳ್ಳೆ ಎದ್ದಾಗ

ಚಳಿ ಕಳೆದು ಬಿಸಿಲು ಏರತೊಡಗಿದಂತೆ ಶಾಲೆಗೆ ಹೋಗುವ ಮಕ್ಕಳಲ್ಲಿ ಜ್ವರ, ಮೈಮೇಲೆ ಗುಳ್ಳೆ ಕಾಣಿಸಿಕೊಳ್ಳುವುದು ಸಾಮಾನ್ಯ. 'ಅಮ್ಮ ಬಂದಿದ್ದಾಳೆ' ಎಂದು ಬೇವಿನ ಸೊಪ್ಪು ಇಟ್ಟು ಮಗುವನ್ನು ಪ್ರತ್ಯೇಕವಾಗಿ ಮಲಗಿಸುವ ರೂಢಿ ನಮ್ಮಲ್ಲಿದೆ. ಹೀಗೆ ಪ್ರತ್ಯೇಕ ಇಡುವುದು ಒಳ್ಳೆಯದೇ. ಆದರೆ ವೈದ್ಯರಿಗೆ ತೋರಿಸಬಾರದು, ಔಷಧಿ ಕೊಡಬಾರದು ಎಂಬ ನಂಬಿಕೆ ಅಪಾಯಕಾರಿ. ಇವು ವೈರಸ್‌ನಿಂದ ಬರುವ ರೋಗಗಳು.

ದಡಾರ: ಮೊದಲು ಜ್ವರ, ನೆಗಡಿ, ಕೆಮ್ಮು, ಕೆಂಪಾದ ಕಣ್ಣು. ಮೂರು-ನಾಲ್ಕು ದಿನಗಳ ನಂತರ ಕಿವಿಯ ಹಿಂದೆ ಮತ್ತು ಮುಖದಲ್ಲಿ ಕೆಂಪು ದದ್ದು ಎದ್ದು ಮೈಗೆಲ್ಲ ಇಳಿಯುತ್ತದೆ. ಈ ಮೂರು ರೋಗಗಳಲ್ಲಿ ಮಕ್ಕಳಿಗೆ ಹೆಚ್ಚು ಅಪಾಯದ್ದು ಇದೇ. ಇದರ ಬೆನ್ನಿಗೆ ನ್ಯುಮೋನಿಯಾ, ಭೇದಿ ಬರಬಹುದು. 'ಎ' ಜೀವಸತ್ವದ ಕೊರತೆಯಿರುವ ಮಗುವಿಗೆ ದೃಷ್ಟಿಯೇ ಹೋಗಬಹುದು. ಆದ್ದರಿಂದಲೇ ವೈದ್ಯರು ಎರಡು ದಿನ 'ಎ' ಜೀವಸತ್ವ ಕೊಡುತ್ತಾರೆ. ಪಥ್ಯದ ಹೆಸರಿನಲ್ಲಿ ಇಂಥ ಮಗುವಿನ ಊಟ ಕಡಿಮೆ ಮಾಡಬೇಡಿ.

ಸೀತಾಳೆ ಸಿಡುಬು: ನೀರು ತುಂಬಿದ ಗುಳ್ಳೆಗಳು ಕಂತುಕಂತಾಗಿ ಏಳುತ್ತವೆ. ತುರಿಕೆ ಹೆಚ್ಚು. ಜಗತ್ತಿನಿಂದ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಿಸಿದ ಸಿಡುಬೇ ಬೇರೆ, ಇದೇ ಬೇರೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲವೂ ಒಣಗಿ ಹಕ್ಕಳೆ ಕಟ್ಟುವವರೆಗೆ ಇದು ಹರಡುತ್ತದೆ. ಅಲ್ಲಿಯವರೆಗೆ ಶಾಲೆಗೆ ಕಳಿಸಬಾರದು. ಈ ರೋಗ ಬಾರದ ಗರ್ಭಿಣಿಯರು ಹತ್ತಿರ ಸುಳಿಯಬಾರದು. ಮಗುವಿನ ಉಗುರು ಕತ್ತರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಬಹುದು. ಶುಚಿಯಾಗಿದ್ದರೆ ಗುಳ್ಳೆ ಕೀವಾಗುವುದು ಕಡಿಮೆ.

ಮಂಗನಬಾವು: ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಊತ, ಅಗಿಯಲು ನೋವು, ಹುಳಿ ತಿಂದರೆ ಇನ್ನೂ ನೋವು. ಮೆತ್ತನೆಯ ಊಟ ಕೊಡಿ. ಊತ ಬಂದ ಮೇಲೆ ಐದು ದಿನ ಮನೆಯಲ್ಲೇ ಇರಲಿ. ಅಪರೂಪಕ್ಕೆ ಮಿದುಳಿನ ಪೊರೆಯ ಉರಿಯೂತವಾಗಬಹುದು, ಒಂದು ಕಿವಿ ಕೇಳಿಸದಾಗಬಹುದು. ಪ್ರಾಯಕ್ಕೆ ಬಂದ ಹುಡುಗರಲ್ಲಿ ವೃಷಣ ಊದಿಕೊಳ್ಳಬಹುದು. ಇದರಿಂದ ಮಕ್ಕಳಾಗುವುದೇ ಇಲ್ಲವೆಂಬ ಭಯ ಬೇಡ. ಹಾಗಾಗುವುದು ಬಲು ಅಪರೂಪ.

ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮಾತ್ರ ಬೇಡವೇ ಬೇಡ; ಮಕ್ಕಳ ಯಕೃತ್ತು, ಮಿದುಳಿಗೆ ಅದು ಮಾರಕವಾಗಬಹುದು. ಎಳನೀರು, ಗಂಜಿ, ಮಜ್ಜಿಗೆ ಧಾರಾಳವಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಉಸಿರಾಟ ವೇಗವಾದರೆ, ಪಕ್ಕೆ ಸೆಳೆದರೆ, ಫಿಟ್ಸ್ ಬಂದರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಕತ್ತು ಬಗ್ಗಿಸಲಾಗದಿದ್ದರೆ, ಏನು ಕುಡಿದರೂ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಈ ಮೂರಕ್ಕೂ ಲಸಿಕೆಯಿದೆ. ದಡಾರ-ರೂಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಮೊದಲ ಡೋಸ್, 16ರಿಂದ 24 ತಿಂಗಳೊಳಗೆ ಎರಡನೆಯದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇದರಲ್ಲಿ ಮಂಗನಬಾವಿನ ಲಸಿಕೆ ಸೇರಿಲ್ಲ, ಅದಕ್ಕೆ ಎಂ.ಎಂ.ಆರ್., ಸೀತಾಳೆಗೆ ಬೇರೆ ಲಸಿಕೆ. ಅವುಗಳ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ.

ಕೆಲವರು ಮೊದಲನೆಯ ಚುಚ್ಚುಮದ್ದು ಹಾಕಿಸಿ ಎರಡನೆಯದನ್ನು ಮರೆಯುವುದುಂಟು. ಇಂದೇ ತಾಯಿ ಕಾರ್ಡ್ ತೆಗೆದು ನೋಡಿ. ತಪ್ಪಿಹೋಗಿದ್ದರೆ ಈಗಲೂ ಹಾಕಿಸಬಹುದು.