ಗ್ರಾಹಕರ ಓಲೆ: ಸೈಕಲ್ಲಿನ ದೋಷ, ರಸೀತಿಯ ಬಲ

ಜೂನ್ ತಿಂಗಳು ಸಮೀಪಿಸಿತೆಂದರೆ ನಮ್ಮ ಉಮರ್ಗಾ, ನಿಲಂಗಾ, ಉದಗೀರ ಪ್ರಾಂತದ ಮನೆಗಳಲ್ಲಿ ಎರಡು ಚಿಂತೆಗಳು ಜೊತೆಯಾಗಿ ತಲೆದೋರುತ್ತವೆ. ಒಂದು ಬಿತ್ತನೆಯ ಬೀಜದ್ದು, ಮತ್ತೊಂದು ಮಕ್ಕಳ ಶಾಲೆಯದು. ಊರಿನ ಶಾಲೆಯ ಇಯತ್ತೆಗಳು ಮುಗಿದು ನಾಲ್ಕಾರು ಕಿಲೋಮೀಟರು ದೂರದ ಪ್ರೌಢಶಾಲೆಗೆ ಹೋಗಬೇಕಾದ ಮಗಳಿಗೋ ಮಗನಿಗೋ ಸೈಕಲ್ಲು ಬೇಕಾಗುತ್ತದೆ. ಕೆಲವರು ಅದನ್ನು ತಾಲೂಕಿನ ಪೇಟೆಯಲ್ಲಿಯೇ ಕೊಳ್ಳುತ್ತಾರೆ. ಹಲವರು ನೆಂಟಸ್ತಿಕೆಯ ಹಾದಿ ಹಿಡಿದು ಬಸವಕಲ್ಯಾಣ, ಭಾಲ್ಕಿ, ಬೀದರ, ಆಳಂದಗಳಿಂದ ತರುತ್ತಾರೆ. ಇದರಲ್ಲಿ ಹೊಸತೇನೂ ಇಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ ಮತ್ತು ಉದಗೀರ ತಾಲೂಕುಗಳು ಬೀದರ ಜಿಲ್ಲೆಗೇ ಸೇರಿದ್ದವು. ಗಡಿ ಬದಲಾಯಿತು, ಸಂತೆಯ ದಾರಿ ಬದಲಾಗಲಿಲ್ಲ.

ತಂದ ಸೈಕಲ್ಲು ಒಂದೇ ತಿಂಗಳಲ್ಲಿ ಕೈಕೊಟ್ಟರೆ ಏನು ಮಾಡಬೇಕೆಂಬುದೇ ಈ ಸಲದ ವಿಚಾರ. ಅದಕ್ಕೆ ಮೊದಲು, ಕೊಳ್ಳುವಾಗಲೇ ಏಳುವ ಒಂದು ಪ್ರಶ್ನೆಯನ್ನು ಬಗೆಹರಿಸಿಕೊಳ್ಳೋಣ.

ಗೇರಿನ ಸೈಕಲ್ಲು ಅಗತ್ಯವೇ?

ಮಕ್ಕಳು ಗೇರಿನದೇ ಬೇಕೆಂದು ಹಟ ಹಿಡಿಯುವುದು ಸಹಜ. ತಂದೆತಾಯಿಗಳು ತುಸು ಲೆಕ್ಕ ಹಾಕಿ ನೋಡಲಿ. 28 ಇಂಚಿನ ಗಾಲಿಯ ಕರಿಯ ಸೈಕಲ್ಲಿನಲ್ಲಿ ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವ್ಹೀಲಿಗೆ 18 ಹಲ್ಲು ಇದೆಯೆಂದು ಭಾವಿಸೋಣ. ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು 5.4 ಮೀಟರು ಮುಂದೆ ಸಾಗುತ್ತದೆ. 18ರ ಬದಲು 20 ಹಲ್ಲಿನ ಫ್ರೀವ್ಹೀಲು ಹಾಕಿಸಿದರೆ ಅದೇ ಸುತ್ತಿಗೆ 4.9 ಮೀಟರು ಮಾತ್ರ. ವೇಗ ಕೊಂಚ ಕುಗ್ಗುತ್ತದೆ, ಏರು ಹಗುರವಾಗುತ್ತದೆ. ಇನ್ನು 26 ಇಂಚಿನ ಗೇರು ಸೈಕಲ್ಲಿನಲ್ಲಿ ಮುಂದೆ 42 ಹಲ್ಲು, ಹಿಂದೆ 14ರಿಂದ 28 ಹಲ್ಲಿನ ಚಕ್ರಗಳಿದ್ದರೆ ಒಂದು ಸುತ್ತಿಗೆ 3.1ರಿಂದ 6.2 ಮೀಟರಿನವರೆಗೆ ಬೇಕಾದುದನ್ನು ಆರಿಸಿಕೊಳ್ಳಬಹುದು.

ಬಾಲಾಘಾಟದ ಏರಿಳಿತದಲ್ಲಿ ಇದು ಉಪಯುಕ್ತವೆಂಬುದು ನಿಜ. ಆದರೆ ಎರೆ ನೆಲದ ಹಾದಿಯಲ್ಲಿ ಮಳೆಗಾಲದ ಕೆಸರು ಗೇರಿನ ಸಂದುಗಳಲ್ಲಿ ಹೊಕ್ಕು ಕುಳಿತರೆ ಆರೈಕೆಯೂ ಅಷ್ಟೇ ಬೇಕಾಗುತ್ತದೆ. ಡಾಂಬರು ರಸ್ತೆಯಲ್ಲಿ ದೂರ ಹೋಗುವವರಿಗೆ ಗೇರು ಸರಿ. ಹೊಲದ ಹಾದಿಯಲ್ಲಿ ಎರಡು ಮೂರು ಕಿಲೋಮೀಟರು ಹೋಗುವ ಮಗುವಿಗೆ ದೊಡ್ಡ ಫ್ರೀವ್ಹೀಲಿನ ಸಾದಾ ಸೈಕಲ್ಲೇ ಲೇಸು.

ಯಾವುದು ದೋಷ, ಯಾವುದು ಸವೆತ?

ಅಂಗಡಿಕಾರನೊಡನೆ ಮಾತಿಗೆ ನಿಲ್ಲುವ ಮೊದಲು ಈ ಭೇದವನ್ನು ತಿಳಿದಿರಬೇಕು. ಬ್ರೇಕಿನ ರಬ್ಬರು, ಟೈರು, ಟ್ಯೂಬು, ಚೈನು ಇವು ಬಳಕೆಯಿಂದ ಸವೆಯತಕ್ಕವು. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಇಂಚು ಬರುತ್ತವೆ. ಅದು ಒಂದು ಇಂಚಿನ ಎಂಟನೆಯ ಒಂದು ಪಾಲಿನಷ್ಟು ಹಿಗ್ಗಿದ್ದರೆ ಚೈನು ಬದಲಿಸುವ ಕಾಲ ಬಂದಿತೆಂದು ತಿಳಿಯಬೇಕು. ವರ್ಷಗಟ್ಟಲೆ ತುಳಿದ ಮೇಲೆ ಹೀಗಾದರೆ ಯಾರನ್ನೂ ದೂರುವಂತಿಲ್ಲ.

ಎರಡನೆಯದು ಹೊಂದಿಕೆಯ ಮಾತು. ಗೇರಿನ ಹೊಸ ತಂತಿ ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಸಡಿಲಗೊಂಡು ಚೈನು ಹಲ್ಲಿನಿಂದ ಹಲ್ಲಿಗೆ ತಾನಾಗಿ ಜಿಗಿಯುವುದುಂಟು. ಗಾಲಿಯ ಕಡ್ಡಿಗಳೂ ಒಮ್ಮೆ ಬಿಗಿಯಬೇಕಾಗುತ್ತದೆ. ಇದು ದೋಷವಲ್ಲ, ತಿದ್ದಿ ಕೊಡುವುದು ಅಂಗಡಿಯ ಕೆಲಸ.

ಚೌಕಟ್ಟಿನ ಬೆಸುಗೆಯಲ್ಲಿ ಬಿರುಕು, ಮುಂಗಾಲಿಯ ಫೋರ್ಕಿನಲ್ಲಿ ಓರೆ, ಒಂದೇ ತಿಂಗಳಲ್ಲಿ ಜಾರುವ ಫ್ರೀವ್ಹೀಲು, ಎಷ್ಟು ತಿದ್ದಿದರೂ ಮರಳಿ ಮರಳಿ ಬರುವ ತೊಂದರೆ ಇವು ದೋಷದ ಲಕ್ಷಣಗಳು. ಜೋಡಣೆಯ ತಪ್ಪು ಇನ್ನೊಂದು ಬಗೆಯದು. ಎಡಗಡೆಯ ಪೆಡಲಿನ ಮರೆಯು ಬಲಗಡೆಯದಕ್ಕೆ ವಿರುದ್ಧವಾಗಿ ಸುತ್ತುತ್ತದೆ. ಅದನ್ನರಿಯದೆ ಬಲವಂತವಾಗಿ ತಿರುಗಿಸಿ ಕೂಡಿಸಿದರೆ ಕ್ರ್ಯಾಂಕಿನ ಮರೆ ಕೆಟ್ಟು ಪೆಡಲು ನಡುದಾರಿಯಲ್ಲಿ ಕಳಚಿ ಬೀಳುತ್ತದೆ. ಇದು ವಸ್ತುವಿನ ದೋಷವಲ್ಲದಿದ್ದರೂ ಸೇವೆಯ ನ್ಯೂನತೆ. ಇದಕ್ಕೂ ಕಾನೂನಿನಲ್ಲಿ ಪರಿಹಾರವಿದೆ.

“ಮಾರಿದ ಮಾಲು ಹಿಂದಕ್ಕೆ ತೆಗೆದುಕೊಳ್ಳಲಾಗದು”

ಈ ವಾಕ್ಯವನ್ನು ಅಂಗಡಿಯ ಗೋಡೆಯ ಮೇಲೆಯೋ ರಸೀತಿಯ ಅಡಿಯಲ್ಲಿಯೋ ಓದಿ ಸುಮ್ಮನೆ ಮರಳುವವರು ಬಹಳ. ಗ್ರಾಹಕರ ಸಂರಕ್ಷಣೆಗಾಗಿ ಪ್ರಥಮ ಕಾಯಿದೆ ಬಂದದ್ದು 1986ರಲ್ಲಿ. ಅದರ ಸ್ಥಾನದಲ್ಲಿ 2019ರ ಕಾಯಿದೆಯು 2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ಇದರ ಪ್ರಕಾರ ದೋಷವುಳ್ಳ ವಸ್ತುವನ್ನು ಹಿಂಪಡೆಯಲು ಮತ್ತು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ರಸೀತಿಯಲ್ಲಿ ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ ಇದನ್ನು ಮಾಡತಕ್ಕದ್ದು. ರಸೀತಿ ಕೊಡದಿರುವುದೂ ಅನುಚಿತ ಪದ್ಧತಿಯೇ. ಬಣ್ಣ ಹಿಡಿಸಲಿಲ್ಲವೆಂದು ಮರಳಿಸುವ ಹಕ್ಕು ಇದರಿಂದ ಬರುವುದಿಲ್ಲ. ಇಲ್ಲಿ ಹೇಳಿದ್ದು ದೋಷದ ಮಾತು.

ಬೀದರದಲ್ಲಿ ಕೊಂಡರೆ ದೂರು ಎಲ್ಲಿ?

ನಮ್ಮ ಗಡಿನಾಡಿನವರಿಗೆ ಅತಿ ಮುಖ್ಯವಾದ ಪ್ರಶ್ನೆ ಇದೇ. ಹಳೆಯ ಕಾಯಿದೆಯ ಕಾಲದಲ್ಲಿ ಮಾರಿದವನು ವ್ಯಾಪಾರ ನಡೆಸುವ ಇಲ್ಲವೆ ವ್ಯಾಜ್ಯದ ಕಾರಣ ಉಂಟಾದ ಜಿಲ್ಲೆಯಲ್ಲಿ ದೂರು ಕೊಡಬೇಕಾಗಿತ್ತು. ಬೀದರದಲ್ಲಿ ಸೈಕಲ್ಲು ಕೊಂಡ ನಿಲಂಗಾದ ಕುಟುಂಬವು ವಿಚಾರಣೆಯ ಪ್ರತಿ ತಾರೀಖಿಗೆ ಬೀದರಕ್ಕೆ ಅಲೆಯಬೇಕಾದರೆ ಸೈಕಲ್ಲಿನ ಬೆಲೆಗಿಂತ ಬಸ್ಸಿನ ಖರ್ಚೇ ಹೆಚ್ಚಾಗುತ್ತಿತ್ತು. ಆ ಭಯದಿಂದಲೇ ಬಾಯಿ ಮುಚ್ಚಿ ಕೂಡ್ರುವ ರೂಢಿ ಬೆಳೆಯಿತು.

2019ರ ಕಾಯಿದೆಯ 34ನೆಯ ಕಲಮು ಈ ತೊಡಕನ್ನು ಬಿಡಿಸಿದೆ. ದೂರುದಾರನು ತಾನು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಆದುದರಿಂದ ಕರ್ನಾಟಕದ ಅಂಗಡಿಯ ಮೇಲೆ ಉಮರ್ಗಾದವರು ಧಾರಾಶಿವದ ಜಿಲ್ಲಾ ಆಯೋಗದಲ್ಲಿಯೂ, ನಿಲಂಗಾ ಮತ್ತು ಉದಗೀರದವರು ಲಾತೂರಿನ ಜಿಲ್ಲಾ ಆಯೋಗದಲ್ಲಿಯೂ ದೂರು ಕೊಡಬಹುದು. ಮರಾಠಿಯಲ್ಲಿ ಇದಕ್ಕೆ ‘ಗ್ರಾಹಕ ತಕ್ರಾರ ನಿವಾರಣ ಆಯೋಗ’ ಎನ್ನುತ್ತಾರೆ. ರಸೀತಿ ಕನ್ನಡದಲ್ಲಿದ್ದರೆ ಅದರ ಮರಾಠಿ ಇಲ್ಲವೆ ಇಂಗ್ಲಿಷ್ ಅನುವಾದವನ್ನು ಜೊತೆಗಿಡುವುದು ಒಳ್ಳೆಯದು.

ಬೀದರದ ಸೋದರಮಾವ ಸೊಸೆಗೆ ಉಡುಗೊರೆಯಾಗಿ ಕೊಡಿಸಿದ ಸೈಕಲ್ಲಾದರೆ? ಹಣ ಕೊಟ್ಟವರ ಒಪ್ಪಿಗೆಯಿಂದ ಬಳಸುವವರೂ ಕಾನೂನಿನ ದೃಷ್ಟಿಯಲ್ಲಿ ಗ್ರಾಹಕರೇ. ರಸೀತಿಯನ್ನು ಮಾವನಿಂದ ಕೇಳಿ ಪಡೆದುಕೊಳ್ಳಲು ಸಂಕೋಚ ಬೇಡ.

ಐದು ಲಕ್ಷ ರೂಪಾಯಿ ಬೆಲೆಯವರೆಗಿನ ವಸ್ತುವಿನ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಎದುರು ಪಕ್ಷಕ್ಕೆ ನೋಟೀಸು ತಲಪಿದಂದಿನಿಂದ ಮೂರು ತಿಂಗಳಲ್ಲಿ, ವಸ್ತುವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು, ತಾಳ್ಮೆ ಬೇಕು. ಆಯೋಗವು ದೋಷ ತಿದ್ದಿಕೊಡಲು, ವಸ್ತುವನ್ನು ಬದಲಿಸಲು, ಹಣ ಮರಳಿಸಲು, ನಷ್ಟ ತುಂಬಿಕೊಡಲು ಆಜ್ಞೆ ಮಾಡಬಲ್ಲದು. ಫೋರ್ಕು ಮುರಿದು ಮಗುವಿಗೆ ಗಾಯವಾದರೆ ತಯಾರಕನ ಹೊಣೆಗಾರಿಕೆಯ ಬಗ್ಗೆ ಕಾಯಿದೆಯಲ್ಲಿ ಬೇರೆ ಅಧ್ಯಾಯವೇ ಇದೆ.

ಆಯೋಗಕ್ಕೆ ಹೋಗುವ ಮುನ್ನ

ದೋಷ ಕಂಡೊಡನೆ ಸೈಕಲ್ಲನ್ನು ಮತ್ತೊಬ್ಬ ಮಿಸ್ತ್ರಿಯ ಕೈಗೆ ಕೊಟ್ಟು ಬೆಸುಗೆ ಹಾಕಿಸಬೇಡಿರಿ, ಸಾಕ್ಷ್ಯವೇ ಅಳಿದುಹೋಗುತ್ತದೆ. ಛಾಯಾಚಿತ್ರ ತೆಗೆದಿಟ್ಟು, ಅಂಗಡಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿಯನ್ನು ಕಾದಿರಿಸಿರಿ. ಬಾಯಿಮಾತಿಗೆ ಬಗ್ಗದ ಅಂಗಡಿಕಾರನ ಧಾಟಿ ಅಂಚೆಯಲ್ಲಿ ಬಂದ ಪತ್ರ ಕಂಡು ಬದಲಾಗುವುದುಂಟು. ಆಗಲೂ ಬಗೆಹರಿಯದಿದ್ದರೆ 1915 ಸಂಖ್ಯೆಗೆ ದೂರವಾಣಿ ಮಾಡಬಹುದು. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮಹಾರಾಷ್ಟ್ರದಲ್ಲಿದ್ದೇವೆಂದು ಹಿಂಜರಿಯಬೇಕಾಗಿಲ್ಲ, ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಮೊಬೈಲಿನ ಮೂಲಕ ತರಿಸಿಕೊಂಡ ಸೈಕಲ್ಲಿಗೂ ರಕ್ಷಣೆಯುಂಟು. 2020ರ ಇ-ವಾಣಿಜ್ಯ ನಿಯಮಗಳಂತೆ ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿ ಒಂದು ತಿಂಗಳಲ್ಲಿ ಪರಿಹರಿಸತಕ್ಕದ್ದು. ಪೆಟ್ಟಿಗೆ ಬಿಚ್ಚುವಾಗಲೇ ಚಿತ್ರ ತೆಗೆಯಿರಿ. ಜೋಡಣೆಯ ಬಗ್ಗೆ ವಾರಂಟಿ ಚೀಟಿಯ ನಿಬಂಧನೆಗಳನ್ನು ಮೊದಲು ಓದಿರಿ.

ಕೊನೆಯದಾಗಿ, ಎಲ್ಲಕ್ಕೂ ಮೂಲವಾದ ರಸೀತಿಯ ಮಾತು. “ಪಕ್ಕಾ ಬಿಲ್ಲು ಬೇಕಾದರೆ ತೆರಿಗೆ ಬೀಳುತ್ತದೆ, ಬೇಡವಾದರೆ ಕಡಿಮೆ” ಎಂಬ ಮಾತಿಗೆ ಮರುಳಾಗಿ ಬರಿಯ ಚೀಟಿ ಹಿಡಿದು ಬರುವವರಿದ್ದಾರೆ. ಸೈಕಲ್ಲಿನ ಮೇಲಿನ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 12ರ ಬದಲು 5ಕ್ಕೆ ಇಳಿದಿದೆ. 6,000 ರೂಪಾಯಿಯ ಸೈಕಲ್ಲಿಗೆ ಅದು 300 ರೂಪಾಯಿ. ಈ ಮುನ್ನೂರನ್ನು ಉಳಿಸಿದವನು ಆರು ಸಾವಿರದ ಹಕ್ಕನ್ನು ದುರ್ಬಲಗೊಳಿಸಿಕೊಳ್ಳುತ್ತಾನೆ. ರಸೀತಿ ಕಳೆದುಹೋಗಿದ್ದರೆ ಬ್ಯಾಂಕಿನ ಪಾವತಿಯ ದಾಖಲೆ, ಅಂಗಡಿಯ ಮುದ್ರೆಯಿರುವ ವಾರಂಟಿ ಚೀಟಿ ನೆರವಿಗೆ ಬರಬಹುದು. ಆದರೆ ರಸೀತಿಯಷ್ಟು ನೇರವಾದ ಸಾಕ್ಷ್ಯ ಬೇರೊಂದಿಲ್ಲ.

ಈ ಜೂನಿನಲ್ಲಿ ಸೈಕಲ್ಲು ಕೊಳ್ಳುವವರು ಅಂಗಡಿಯಲ್ಲಿ ಹತ್ತು ನಿಮಿಷ ಹೆಚ್ಚು ನಿಲ್ಲಲಿ. ಎರಡೂ ಗಾಲಿಗಳನ್ನು ಎತ್ತಿ ತಿರುಗಿಸಿ ಓರೆಯಿದೆಯೇ ಎಂದು ನೋಡಲಿ. ಬ್ರೇಕು ಹಿಡಿದು ಮುಂದಕ್ಕೆ ನೂಕಿ ಪರೀಕ್ಷಿಸಲಿ. ಚೌಕಟ್ಟಿನ ಮೇಲೆ ಒತ್ತಿರುವ ಸಂಖ್ಯೆಯನ್ನು ರಸೀತಿಯಲ್ಲಿ ಬರೆಸಿಕೊಳ್ಳಲಿ. ಮನೆಗೆ ಬಂದ ಮೇಲೆ ಆ ರಸೀತಿಯನ್ನು ಹೊಲದ ಕಾಗದಪತ್ರಗಳ ಜೊತೆಯಲ್ಲಿಯೇ ಇಡಲಿ.

ಬಿತ್ತನೆಯ ಬೀಜ ಮೊಳೆಯದಿದ್ದರೆ ರೈತನು ಏನು ಮಾಡಬೇಕೆಂಬುದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ. ಅಲ್ಲಿಯವರೆಗೆ ಬೀಜದ ಚೀಲವನ್ನೂ ಅದರ ಮೇಲಿನ ಚೀಟಿಯನ್ನೂ ಬಿಸಾಡದಿರಿ.