ಹಳೇ ಔಟ್‌ಬೋರ್ಡ್ ಎಂಜಿನ್: ಹೊಸ ಬಣ್ಣ ನೋಡಿ ದುಡ್ಡು ಕೊಡೋ ಮುಂಚೆ
ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್‌ಗಳಿಗೆ ರಜೆ, ಕಡಲು ನಾಡದೋಣಿಯವರದ್ದು. ಹೊಸ ಎಂಜಿನ್ ಕೈಗೆಟುಕದವರು ಹಳೇದನ್ನೇ ಹುಡುಕ್ತಾರೆ. ಮೋಸ ಹೋಗೋದೂ ಇಲ್ಲೇ.

ಹೊಸ ಬಣ್ಣದ ಕೆಳಗೆ ಉಪ್ಪುನೀರು ತಿಂದ ಅಲ್ಯೂಮಿನಿಯಂ ಇರಬಹುದು. ಗಿಯರ್ ಆಯಿಲ್ ಹಾಲಿನ ಹಾಗೆ ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ ಎಂದೇ ಲೆಕ್ಕ. ಗೇಜ್ ಹಾಕಿದಾಗ ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ ಹೆಚ್ಚುಕಮ್ಮಿ ಒಂದೇ ಬರಬೇಕು.

ಡ್ರಮ್ಮಿನ ನೀರಲ್ಲಿ ಸ್ಟಾರ್ಟ್ ಮಾಡಿ ತೋರಿಸಿದರೆ ಸಾಲದು (ಅಲ್ಲಿ ಎಲ್ಲಾ ಎಂಜಿನ್ನೂ ಚಂದವೇ). ದೋಣಿಗೆ ಕಟ್ಟಿ, ಜನ ಹತ್ತಿಸಿ, ಹೊಳೆಯಲ್ಲಿ ಫುಲ್ ಥ್ರಾಟಲ್ ಓಡಿಸಬೇಕು. ಕೂಲಿಂಗ್ ನೀರು ಸತತವಾಗಿ ಚಿಮ್ಮಬೇಕು. ಬಿಸಿಯಾದ ಮೇಲೆ ನಿಲ್ಲಿಸಿ, ಮತ್ತೆ ಹಗ್ಗ ಎಳೆದು ನೋಡಬೇಕು. ಮಳೆಗಾಲದ ಅಳಿವೆಬಾಯಲ್ಲಿ ಎಂಜಿನ್ ನಿಂತ್ರೆ ದೋಣಿ ಅಡ್ಡ ತಿರುಗುತ್ತೆ, ಮಗುಚೋಕೆ ಒಂದೇ ಅಲೆ ಸಾಕು.