ಔಷಧಕ್ಕೆ ಹೋದ ಊರಿನಲ್ಲಿ

ಬೇಡಗದಿಂದ ಮಿರಜಕ್ಕೆ ಹೊರಟ ಬಸ್ಸಿನಲ್ಲಿ ಪ್ರಯಾಣಿಕರ ಕೈಚೀಲ ನೋಡಿದರೆ ಸಾಕು, ಅವರು ಹೊರಟ ಕಾರಣ ತಿಳಿಯುತ್ತದೆ. ಒಬ್ಬರ ಚೀಲದಲ್ಲಿ ಎಕ್ಸ್‌ರೇ ಹಾಳೆ, ಇನ್ನೊಬ್ಬರ ಕೈಯಲ್ಲಿ ಹೊಲದ ಉತಾರೆ, ಮತ್ತೊಬ್ಬರ ಮಡಿಲಲ್ಲಿ ರೈಲಿಗೆ ಹೊರಟ ಬಂಧುವಿಗೆಂದು ಕಟ್ಟಿದ ರೊಟ್ಟಿಬುತ್ತಿ. ಮಿರಜವೆಂದರೆ ದವಾಖಾನೆ, ಕಚೇರಿ, ರೈಲು ನಿಲ್ದಾಣ. ಕೆಲಸ ಮುಗಿದ ಕೂಡಲೇ ಹಿಂದಿರುಗುವ ಬಸ್ಸಿನ ಚಿಂತೆ. ಸಂತೋಷಪಡುವುದಕ್ಕಾಗಿ ಮಿರಜಕ್ಕೆ ಹೋಗಿ ಬಂದೆವೆಂದು ಹೇಳುವ ಮನೆಗಳು ವಿರಳ. ನಗರದ ಸೊಗಸು, ರಾತ್ರಿಯ ರಂಗ, ನಾಲಿಗೆಯ ರುಚಿ ಇವೆಲ್ಲ ಪುಣೆಗೆ, ಮುಂಬಯಿಗೆ, ಬೆಂಗಳೂರಿಗೆ ಸೇರಿದವೆಂಬ ನಂಬಿಕೆ ನಮ್ಮ ಭಾಗದ ಮನೆಗಳಲ್ಲಿ ಬೇರೂರಿದೆ.

ಮಿರಜಕ್ಕೆ ಆಸ್ಪತ್ರೆಯ ಊರೆಂಬ ಹೆಸರು ಬಂದದ್ದು ಅಕಾರಣವಾಗಿ ಅಲ್ಲ. ಡಾಕ್ಟರ್ ವಿಲಿಯಂ ವಾನ್‌ಲೆಸ್ ಅವರು 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದ ಮೇಲೆ ದೂರದೂರದ ರೋಗಿಗಳು ಈ ಊರಿನ ದಾರಿ ಹಿಡಿದರು. ಆದರೆ ಅದಕ್ಕೂ ಮೊದಲೇ ಇಲ್ಲಿಗೆ ಕಣ್ಣಿನ ನೋವು ಹೊತ್ತು ಬಂದ ಒಬ್ಬ ಹುಡುಗನಿದ್ದ. 1872ರಲ್ಲಿ ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರ ಎಳೆವಯಸ್ಸಿನಲ್ಲಿಯೇ ಪಟಾಕಿಯ ಸಿಡಿತದಿಂದ ದೃಷ್ಟಿಗೆ ಪೆಟ್ಟು ಮಾಡಿಕೊಂಡ. ಚಿಕಿತ್ಸೆಗೆಂದು ಮಿರಜಕ್ಕೆ ಕರೆತಂದರು. ಕಣ್ಣು ಮೊದಲಿನಂತಾಗಲಿಲ್ಲ, ಓದು ನಿಂತಿತು. ಆದರೆ ಅದೇ ಊರಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಸಂಗೀತದ ಪಾಠ ಆರಂಭವಾಯಿತು. ಆ ಹುಡುಗನೇ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಸಂಗೀತಕ್ಕೆ ಶಾಲೆಯ ಬಾಗಿಲನ್ನು ಕಟ್ಟಿಕೊಟ್ಟನು.

ಅದೇ 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರ ಕಥೆಯೂ ಇದಕ್ಕೆ ಸಮೀಪದ್ದು. ಅವರು ಪ್ಲೇಗಿನ ಬಾಧೆಯಲ್ಲಿ ಮಿರಜಕ್ಕೆ ಬಂದು, ಖ್ವಾಜಾ ಮೀರಾಸಾಹೇಬರ ದರ್ಗಾದ ಸನ್ನಿಧಿಯಲ್ಲಿ ಹಾಡುತ್ತ ಗುಣಮುಖರಾದರೆಂದು ಊರವರು ಇಂದಿಗೂ ಹೇಳುತ್ತಾರೆ. ಜನರ ಮಾತು ಹಾಗಿರಲಿ. ಅವರು ಮಿರಜವನ್ನೇ ಮನೆ ಮಾಡಿಕೊಂಡದ್ದು, 1937ರ ಅಕ್ಟೋಬರಿನಲ್ಲಿ ದಕ್ಷಿಣದ ರೈಲು ಪ್ರಯಾಣದ ನಡುವೆ ತೀರಿಕೊಂಡಾಗ ಅವರ ದೇಹವನ್ನು ಇಲ್ಲಿಗೇ ತಂದು ದರ್ಗಾದ ಆವರಣದಲ್ಲಿ ಮಣ್ಣು ಮಾಡಿದ್ದು ಇತಿಹಾಸ. ಔಷಧಕ್ಕೆಂದು ಬಂದವರು ನಾದವನ್ನು ಪಡೆದ ಊರು ಇದು.

ಈ ಊರಿನ ಸೊಗಸನ್ನು ಕಣ್ಣಾರೆ ಕಾಣಬೇಕೆಂದರೆ ಸತಾರಮೇಕರ ಗಲ್ಲಿಗೆ ಹೋಗಬೇಕು. ದೊಡ್ಡ ನಗರಗಳಲ್ಲಿ ಈಗ ವಿನ್ಯಾಸದ ಉತ್ಸವಗಳು ನಡೆಯುತ್ತವೆ. ಕುರ್ಚಿಯ ಬಾಗು, ದೀಪದ ಆಕಾರ ನೋಡಲು ಜನ ಟಿಕೇಟು ಕೊಂಡು ಸಾಲುಗಟ್ಟುತ್ತಾರೆ. ಮಿರಜದ ಈ ಓಣಿಯಲ್ಲಿ ಅಂಥ ಉತ್ಸವ ಅಂಗಡಿಯ ಕಟ್ಟೆಯ ಮೇಲೆಯೇ ದಿನವೂ ನಡೆದಿರುತ್ತದೆ. ಖಡ್ಗಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು, ರಾಜ್ಯಗಳು ಅಳಿದು ಖಡ್ಗಕ್ಕೆ ಗಿರಾಕಿ ಇಲ್ಲದಂತಾದಾಗ, ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿವಾದ್ಯಗಳ ಕೆಲಸಕ್ಕೆ ಕೈ ಹಾಕಿದರು. ಕೊಲ್ಲುವ ಲೋಹಕ್ಕೆ ಹರಿತ ಕೊಟ್ಟ ಕೈ, ಹಾಡುವ ತಂತಿಗೆ ಹದ ಕೊಡತೊಡಗಿತು. ಅವರ ಸಂತತಿಯೇ ಇಂದಿಗೂ ಆ ಗಲ್ಲಿಯಲ್ಲಿ ಕುಳಿತಿದೆ.

ತಂಬೂರಿಯ ಬುರುಡೆ ಮರದ್ದಲ್ಲ, ಬಳ್ಳಿಯ ಮೇಲೆ ಬೆಳೆದ ಸೋರೆ. ಪಂಢರಪುರ, ಮಂಗಳವೇಢೆಯ ಕಡೆಯ ಹೊಲಗಳಿಂದ ಬರುವ ಈ ದೊಡ್ಡ ಸೋರೆಗಳನ್ನು ಒಣಗಿಸಿ, ಬೇಕಾದ ಅಳತೆಗೆ ಕೊಯ್ದು, ತೂನ್ ಮರದ ದಂಡಿಗೆ ಜೋಡಿಸುತ್ತಾರೆ. ಕೆತ್ತನೆ, ಬಣ್ಣ, ಮೆರುಗು ಎಲ್ಲ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ. ಆದರೆ ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ ಕಡೆಯದು. ತಂತಿಗಳು ಹಾಯ್ದುಹೋಗುವ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ತಂತಿಯ ಕೆಳಗೆ ಒಂದು ನೂಲಿನೆಳೆ ಸೇರಿಸಿ, ಅದನ್ನು ಹಿಂದೆಮುಂದೆ ಸರಿಸುತ್ತ ಕಿವಿಗೊಟ್ಟು ಕೂಡುತ್ತಾರೆ. ಒಂದು ಜಾಗದಲ್ಲಿ ಒಮ್ಮೆಗೇ ತಂತಿ ಬಾಯಿ ತೆರೆಯುತ್ತದೆ. ಜೇನುಹುಟ್ಟಿನ ಗುಂಯ್ಗಾರದಂಥ ನಾದ ಹೊಮ್ಮುತ್ತದೆ. ಅದಕ್ಕೆ ಅವರು ಜವಾರಿ ಎನ್ನುತ್ತಾರೆ. ಜವಾರಿ ಬದನೆ, ಜವಾರಿ ಸೌತೆ ಎಂದು ಹೇಳಿ ಬೆಳೆದ ಬೇಡಗದ ಮಗುವಿಗೆ ಈ ಮಾತು ಕೇಳಿ ನಗು ಬಂದೀತು. ಅರ್ಥ ಬೇರೆಯಾದರೂ ಶಬ್ದ ನೆನಪಿನಲ್ಲಿ ಉಳಿಯುತ್ತದೆ. ಆ ಎಳೆಗೆ ಅಳತೆಪಟ್ಟಿಯಿಲ್ಲ, ಕಿವಿಯೊಂದೇ ಅಳತೆ.

2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆಯಿತು. ಮಾನ್ಯತೆ ಹೆಸರನ್ನು ಕಾಯುತ್ತದೆ. ಕೈಯನ್ನು ಕಾಯುವುದು ಅದರಿಂದಾಗದು. ಗುಂಡಿ ಒತ್ತಿದರೆ ಶ್ರುತಿ ಹಿಡಿಯುವ ಪೆಟ್ಟಿಗೆ ಬಂದಿದೆ, ಮೊಬೈಲಿನಲ್ಲಿಯೂ ತಂಬೂರಿ ಮಿಡಿಯುತ್ತದೆ. ಅಪ್ಪನ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು ಕಿವಿಯನ್ನು ಪಳಗಿಸಿಕೊಳ್ಳಲು ಇಂದಿನ ಹುಡುಗರಿಗೆ ಪುರುಸೊತ್ತೂ ಇಲ್ಲ, ಭರವಸೆಯೂ ಇಲ್ಲ. ಕೊಳ್ಳದಿದ್ದರೂ ನಿಂತು ನೋಡುವವರು, ಕೇಳುವವರು, ಪ್ರಶ್ನಿಸುವವರು ಬೇಕು. ನೋಡುವ ಕಣ್ಣಿಲ್ಲದ ಕಸಬು ಬೇಗ ಮುಪ್ಪಾಗುತ್ತದೆ.

ಇನ್ನು ರಾತ್ರಿಯ ಮಾತು. ಪ್ಯಾರಿಸ್ ನಗರದಲ್ಲಿ 1881ರಲ್ಲಿ ‘ಶಾ ನ್ವಾರ್’ ಎಂಬ ಕ್ಯಾಬರೆ ತೆರೆದಾಗ, ಊಟಪಾನಗಳ ನಡುವೆ ಹಾಡು, ಕವಿತೆ, ವಿನೋದ ನೋಡುವ ರಾತ್ರಿಗಳು ಯುರೋಪಿನಲ್ಲಿ ಹೆಸರಾದವು. ಕೃಷ್ಣೆಯ ದಂಡೆಯವರಿಗೆ ಇಂಥ ರಾತ್ರಿ ಹೊಸದಾಗಿರಲಿಲ್ಲ. ಸಾಂಗಲಿ ಜಿಲ್ಲೆಯ ರೇಠರೆ ಹರಣಾಕ್ಷದ ಕುಲಕರ್ಣಿ ಮನೆತನದ ಶ್ರೀಧರ, ಪಠ್ಠೆ ಬಾಪೂರಾವ ಎಂಬ ಹೆಸರಿನಿಂದ ಲಾವಣಿ ಕಟ್ಟಿ, ಪವಳಾ ಎಂಬ ಕಲಾವಿದೆಯೊಡನೆ ತಮಾಷಾ ರಂಗವನ್ನು ಬೆಳಗಿಸಿದರು. ಜಾತಿಯ ಕಟ್ಟನ್ನು ಮೀರಿದ ಆ ಜೊತೆಗಾರಿಕೆಗೆ ಸಮಾಜದ ಬಹಿಷ್ಕಾರವನ್ನೂ ಉಂಡರು. ಗಡಿಯ ಈಚೆಗೆ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಕೌಜಲಗಿ ನಿಂಗಮ್ಮನವರು ರಂಗಕ್ಕೆ ಬಂದರೆ ಜನ ಬೆಳಗಾಗುವವರೆಗೆ ಕದಲುತ್ತಿರಲಿಲ್ಲ. ರಾತ್ರಿಯ ರಂಗದಲ್ಲಿ ಕುಣಿದ, ಹಾಡಿದ ಹೆಣ್ಣುಮಕ್ಕಳನ್ನು ಜನ ಚಪ್ಪಾಳೆ ತಟ್ಟಿ ಮೆಚ್ಚಿದರು. ಹಗಲಿನಲ್ಲಿ ಅದೇ ಜನ ಮುಖ ತಿರುಗಿಸಿದ್ದೂ ಉಂಟು. ಕಲೆಯ ಸವಿ ಉಂಡವರು ಆ ಋಣವನ್ನೂ ಮಕ್ಕಳಿಗೆ ಹೇಳಬೇಕಾಗುತ್ತದೆ.

ಸಾಂಗಲಿಯ ರಾತ್ರಿಗಳಲ್ಲಿ ಕನ್ನಡದ ಪಾಲು ಎಷ್ಟೆಂಬುದನ್ನು ಶಾಲೆಯ ಮಕ್ಕಳು ತಿಳಿಯಲೇಬೇಕು. 1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯಿಂದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಕನ್ನಡದಲ್ಲಿ ಆಟವಾಡಿತು. ನೋಡಿದ ಸಂಸ್ಥಾನಾಧಿಪತಿ ಚಿಂತಾಮಣರಾವ ಪಟವರ್ಧನರು, ಮರಾಠಿಯಲ್ಲಿಯೂ ಇಂಥದೊಂದನ್ನು ಕಟ್ಟುವಂತೆ ತಮ್ಮ ಆಶ್ರಯದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಭಾವೆ ಗೊಂಬೆ ಮಾಡುವುದರಲ್ಲಿಯೂ ಕುಶಲರು. 1843ರಲ್ಲಿ ಅವರ ‘ಸೀತಾ ಸ್ವಯಂವರ’ ರಂಗವೇರಿತು; ಮರಾಠಿ ರಂಗಭೂಮಿಯ ಆರಂಭವೆಂದು ನವೆಂಬರ್ 5ನ್ನು ಇಂದಿಗೂ ಆಚರಿಸುತ್ತಾರೆ. ಅದೇ 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಶಾಕುಂತಲ’ದ ಮೂಲಕ ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟರು. ಅವರ ಹೆಸರಿನ ಮಂಡಳಿಯ ರಂಗದ ಮೇಲೆ, 1905ರಲ್ಲಿ, ಮಿರಜದಲ್ಲಿಯೇ ಬಾಲಗಂಧರ್ವರು ಶಕುಂತಲೆಯಾಗಿ ಮೊದಲ ಬಾರಿ ಕಾಣಿಸಿಕೊಂಡರು. ಊರಿನ ನಾಟ್ಯಮಂದಿರಕ್ಕೆ ಇಂದು ಅವರದೇ ಹೆಸರು.

ಸಂಗೀತದಲ್ಲಿ ಋಣ ಇನ್ನೊಂದು ದಿಕ್ಕಿನಲ್ಲಿ ಹರಿಯಿತು. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರು ಕಲಿತರು. ಅವರಿಂದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಕಲಿತರು. ಕರ್ಕಿಯ ಮೇಳ ಕೊಟ್ಟದ್ದನ್ನು ಮಿರಜದ ಗಾಯಕರು ಬಡ್ಡಿಸಹಿತ ಹಿಂದಿರುಗಿಸಿದಂತಾಯಿತು. ಮೀರಾಸಾಹೇಬರ ಉರುಸಿನಲ್ಲಿ ಇಂದಿಗೂ ಖಾನರ ನೆನಪಿಗೆ ಸಂಗೀತಸಭೆ ನಡೆಯುತ್ತದೆ. ಉರುಸಿನಲ್ಲಿ ಮೊದಲ ಗಲೇಫಿನ ಮಾನ ಚರ್ಮಕಾರ ಸಮಾಜದವರದು. ದರ್ಗಾದ ಅಂಗಳದ ಆ ಸಭೆಯಲ್ಲಿ ಹೊದಿಕೆ ಹೊದ್ದ ಅಜ್ಜಿಯೂ ತೂಕಡಿಸುವ ಮೊಮ್ಮಗುವೂ ನೆಲದ ಮೇಲೆ ಅಕ್ಕಪಕ್ಕ ಕುಳಿತು ಕೇಳಬಹುದು. ನವರಾತ್ರಿಯಲ್ಲಿ ಅಂಬಾಬಾಯಿ ಗುಡಿಯ ಸಂಗೀತೋತ್ಸವವೂ ಹಾಗೆಯೇ.

ಹಾಡು ಕೇಳಿದ ಮೇಲೆ ಹಸಿವೆ ಸಹಜ. ಸಾಂಗಲಿಯ ಭಡಂಗ್ ಎಂದರೆ ನಮ್ಮ ಚುರಮುರಿಯ ಬಂಧು: ದಪ್ಪ ಚುರಮುರಿ, ಶೇಂಗಾ, ಬೆಳ್ಳುಳ್ಳಿ, ಕರಿಬೇವು, ಖಾರ. ಪೊಟ್ಟಣ ಒಡೆದರೆ ಬಸ್ಸಿನಲ್ಲಿ ಅಪರಿಚಿತರೂ ಮಾತಿಗೆ ಇಳಿಯುತ್ತಾರೆ. ಕೃಷ್ಣೆಯ ದಂಡೆಯ ಬದನೆ ಕೆಂಡದಲ್ಲಿ ಸುಟ್ಟು ಭರ್ತಾ ಆದರೆ ಜೋಳದ ರೊಟ್ಟಿಗೆ ಬೇರೇನೂ ಬೇಡ. ಆ ಸಾರಿಗೆ ಬಿದ್ದ ಅರಿಷಿಣಕ್ಕೂ ಒಂದು ಕಥೆಯಿದೆ. ಕೃಷ್ಣೆ, ವಾರಣೆಯರು ಕೂಡುವ ಹರಿಪುರದ ನೆಲದಲ್ಲಿ ಅರಿಷಿಣವನ್ನು ಪೇವುಗಳಲ್ಲಿ, ಅಂದರೆ ಕನ್ನಡದವರ ಹಗೇವಿನಂಥ ನೆಲದಡಿಯ ಕುಳಿಗಳಲ್ಲಿ, ತುಂಬಿಡುತ್ತಿದ್ದರು. 2005ರ ಮಹಾಪೂರ ಅವುಗಳಲ್ಲಿ ಬಹುಪಾಲನ್ನು ಹಾಳುಗೆಡವಿತು. 2018ರಲ್ಲಿ ಸಾಂಗಲಿಯ ಅರಿಷಿಣಕ್ಕೆ ಭೌಗೋಳಿಕ ಸೂಚನೆ ದೊರೆಯುವ ಹೊತ್ತಿಗೆ ಹಗೇವಿನ ಬಾಯಿಗಳು ಮುಚ್ಚಿಹೋಗಿದ್ದವು. ಊಟದ ಬಣ್ಣದಲ್ಲಿಯೂ ಊರಿನ ನಷ್ಟ ಬೆರೆತಿರುತ್ತದೆ.

ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ತಾಯಿತಂದೆಯರ ಮನಸ್ಸಿನಲ್ಲಿ ಒಂದು ಅಳುಕು ಮೂಡುವುದುಂಟು: ಈ ಭಾಷೆ ಕಲಿತ ಮಗುವಿಗೆ ಈ ನಗರ ತನ್ನದೆನಿಸೀತೇ? ಫಲಕಗಳೆಲ್ಲ ಮರಾಠಿಯಲ್ಲಿ, ಕಚೇರಿಯ ಮಾತು ಮರಾಠಿಯಲ್ಲಿ. ಆ ಅಳುಕನ್ನು ಹುಸಿಯೆನ್ನಲಾಗದು. ಅರ್ಜಿಯ ಸಾಲಿನಲ್ಲಿ ನಿಂತವರಿಗೆ ಅದರ ತೂಕ ಗೊತ್ತು. ಆದರೆ ಈ ಊರುಗಳ ರಂಗ, ರಾಗ, ರುಚಿಗಳು ಎರಡು ಭಾಷೆಗಳ ಕೂಡುನೀರಿನಲ್ಲಿ ಬೆಳೆದವು. ಎರಡನ್ನೂ ಬಲ್ಲ ಮಗುವಿಗೆ ಅಲ್ಲಿ ದೊರೆಯುವುದು ಇತರರಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ಅದನ್ನು ಯಾರಾದರೂ ಕೈ ಹಿಡಿದು ಒಮ್ಮೆ ತೋರಿಸಬೇಕಷ್ಟೆ.

ಅದಕ್ಕೆ ದೊಡ್ಡ ಖರ್ಚು ಬೇಡ. ಮುಂದಿನ ಬಾರಿ ಔಷಧಕ್ಕೆಂದು ಮಿರಜಕ್ಕೆ ಹೋದಾಗ ಹಿಂದಿರುಗುವ ಬಸ್ಸೊಂದನ್ನು ಬಿಟ್ಟುಕೊಟ್ಟರೆ ಸಾಕು. ಸತಾರಮೇಕರ ಗಲ್ಲಿಯ ಕಟ್ಟೆಯ ಬಳಿ ನಿಂತು, ಮಗುವಿಗೆ ಒಂದು ತಂಬೂರಿ ಮಿಡಿದು ತೋರಿಸಲು ಹಿರಿಯರೊಬ್ಬರನ್ನು ಕೇಳಬಹುದು. ನೂಲಿನೆಳೆ ಸರಿಯಾದ ಜಾಗಕ್ಕೆ ಬಂದು, ನಾಲ್ಕು ತಂತಿಗಳು ಒಟ್ಟಿಗೆ ಬಾಯಿ ತೆರೆದಾಗ, ಆ ನಾದ ಯಾವ ಭಾಷೆಯದೆಂದು ಮಗು ಕೇಳುವುದಿಲ್ಲ. ಮನೆಗೆ ಬರುವಾಗ ಚೀಲದಲ್ಲಿ ಮಾತ್ರೆಗಳ ಜೊತೆಗೆ ಒಂದು ಭಡಂಗ್ ಪೊಟ್ಟಣವಿರುತ್ತದೆ. ಕಿವಿಯಲ್ಲಿ ಆ ಗುಂಯ್ಗಾರ ಇನ್ನೂ ಇರುತ್ತದೆ.